ಹೊಗೆಗೆ ಉದುರಿದ ಮೊಗ್ಗುಗಳು

ಕೀಲುಂಗ್
ಚಾಂದ್ರಮಾನದ ಹನ್ನೆರಡನೆಯ ತಿಂಗಳು, ಇಪ್ಪತ್ತೆರಡನೆಯ ದಿನ

ಪ್ರೀತಿಯ ಅಗೋಂಗ್,

ನಿನ್ನ ಆರ್ಕಿಡ್‌ಗಳೆಂದರೆ ನನಗೆ ಎಂದೂ ಇಷ್ಟವಿರಲಿಲ್ಲ. ಮೊಮ್ಮಗಳು ಅಜ್ಜನಿಗೆ ಬರೆಯುವ ಪತ್ರ ಹೀಗೆ ಶುರುವಾಗಬಾರದು, ಗೊತ್ತು. ಆದರೆ ಚಿಕ್ಕಂದಿನಿಂದ ಮುಚ್ಚಿಟ್ಟುಕೊಂಡ ಈ ಮಾತನ್ನು ಮೊದಲು ಆಚೆ ಹಾಕದಿದ್ದರೆ ಉಳಿದದ್ದನ್ನು ನೇರವಾಗಿ ಬರೆಯಲು ನನಗಾಗುವುದಿಲ್ಲ. ನೀನು ಎಲೆ ಒರೆಸುವಾಗ ನಾನು ಪಕ್ಕದಲ್ಲಿ ಕೂರುತ್ತಿದ್ದದ್ದು ನೀನು ಹೇಳುವ ಬಂದರಿನ ಕಥೆಗಳಿಗಾಗಿ. ನೀನು ಅದನ್ನು ಬೇರೆ ಥರ ತಿಳಿದುಕೊಂಡು, "ಈ ಮನೇಲಿ ಗಿಡದ ಕೈ ಇರೋದು ಇವಳೊಬ್ಬಳಿಗೇ" ಎಂದು ಕಂಡವರಿಗೆಲ್ಲ ಹೇಳಿಕೊಂಡು ಬಂದೆ. ಮೆಟ್ಟಿಲಿನಲ್ಲಿ ಜಾರಿಬಿದ್ದ ದಿನ ಸ್ಟ್ರೆಚರಿನ ಮೇಲಿಂದ ಮನೆಯ ಬೀಗದ ಕೈ ಕೊಟ್ಟದ್ದೂ ನನಗೇ. ಶಾಲೆ ಬಿಟ್ಟು ಕೂತವಳಿಗೆ ಬೇರೆ ಕೆಲಸವೇನಿದೆ ಎಂದು ಉಳಿದವರೂ ತಲೆಯಾಡಿಸಿದರು.

ಈಗ ಕೇಳಬೇಕಾದದ್ದನ್ನು ಕೇಳುತ್ತೇನೆ. ಸೊಂಟದ ನೋವು ಹೇಗಿದೆ? ಚಳಿಗೆ ಮೊಣಕಾಲೂ ಹಿಡಿದುಕೊಳ್ಳುತ್ತದೆಯೇ? ಅತ್ತೆಯ ಅಡುಗೆ ಸಪ್ಪೆ ಎಂದು ಮುಖ ತಿರುಗಿಸದೆ ಉಣ್ಣುತ್ತಿದ್ದೀಯಾ? ಅತ್ತೆಯ ಊರು ತೈತುಂಗ್‌ನಲ್ಲಿ ದಿನವೂ ಬಿಸಿಲಂತೆ. ಬಿಸಿಲು ಎಂಬ ಪದ ಕೇಳಿದರೇ ಇಲ್ಲಿ ನಮಗೆ ಹೊಟ್ಟೆ ಉರಿಯುತ್ತದೆ. ಫೋನಿನಲ್ಲಿ ನಿನಗೆ ಏನೂ ಕೇಳಿಸದ್ದರಿಂದ ನಿನ್ನ ಸುದ್ದಿಯೆಲ್ಲ ನನಗೆ ಅತ್ತೆಯ ಬಾಯಿಂದಲೇ ಬರಬೇಕು, ನನ್ನದು ನಿನಗೆ ಅವಳು ಹಲಗೆಯ ಮೇಲೆ ಬರೆದು ತೋರಿಸುವುದರಿಂದ. ಅದರಲ್ಲಿ ಎಷ್ಟು ನಿಜ ಎಂಬುದು ನನಗೆ ಹೋದ ವಾರ ತಿಳಿಯಿತು. ನಮ್ಮಜ್ಜಿ ಅಮಾ ಬಿಟ್ಟುಹೋದ ಗಿಡದ ತುಂಬ ಮೊಗ್ಗು, ಹೊಸವರ್ಷಕ್ಕೆ ಸರಿಯಾಗಿ ಅರಳುತ್ತದೆ ಎಂದು ಬರೆದು ತೋರಿಸಿದ್ದಾಳಂತೆ. ನೀನು ಅದನ್ನು ನೋಡಬೇಕೆಂದು ಕೋಲು ಹಿಡಿದು ಅಂಗಳದ ತುದಿಯವರೆಗೆ ನಡೆದೆಯಂತೆ.

ಅಗೋಂಗ್, ಮೊಗ್ಗು ಇತ್ತು. ಈಗಿಲ್ಲ. ಎಲ್ಲವೂ ಹಳದಿಯಾಗಿ ಉದುರಿಹೋದವು.

ಹೇಗಾಯಿತೆಂದು ಹೇಳುತ್ತೇನೆ, ಪೂರ್ತಿ ಓದು. ನೀನು ಹೋದ ಮೇಲೆ ಈಶಾನ್ಯದ ಗಾಳಿ ಶುರುವಾಯಿತು. ಸಮುದ್ರದ ಕಡೆಯಿಂದ ಮಳೆ ಅಡ್ಡಡ್ಡ ಬಂದು ಹೊಡೆಯುತ್ತದೆ. ಕಿಟಕಿ ತೆಗೆಯಬೇಡ ಎಂದು ನೀನು ಹೇಳಿದ್ದೆ, ನಾನು ತೆಗೆಯಲಿಲ್ಲ. ಬಟ್ಟೆಬೀರುವಿನಲ್ಲಿ ಬೂಷ್ಟು, ಚಪ್ಪಲಿಯಲ್ಲಿ ಬೂಷ್ಟು, ಅಮಾಳ ಫೋಟೊದ ಹಿಂದಿನ ರಟ್ಟಿನಲ್ಲೂ ಹಸಿರು ಬೂಷ್ಟು. ತೇವ ಹೀರುವ ಯಂತ್ರವನ್ನು ಹಗಲೂ ರಾತ್ರಿ ಓಡಿಸಿದೆ. ಅದರ ಡಬ್ಬಿ ತುಂಬಿದಾಗಲೆಲ್ಲ ಕೂಗುತ್ತದೆ, ಓಡಿಹೋಗಿ ಖಾಲಿ ಮಾಡಬೇಕು. ಇಷ್ಟೊಂದು ನೀರನ್ನು ಸುಮ್ಮನೆ ಚೆಲ್ಲುವುದೇಕೆ ಎಂದು ಕುಂಡಗಳಿಗೆ ಹಾಕಿದೆ. ಕುಂಡದ ನೀರು ಗಾಳಿಗೆ, ಗಾಳಿಯ ನೀರು ಯಂತ್ರಕ್ಕೆ, ಯಂತ್ರದ್ದು ಮತ್ತೆ ಕುಂಡಕ್ಕೆ. ಒಂದೇ ನೀರನ್ನು ಮನೆಯೊಳಗೆ ಸುತ್ತು ಹೊಡೆಸುವ ಜೀತಕ್ಕೆ ನಾನು ಸೇರಿದಂತಾಯಿತು. ಅಷ್ಟರಲ್ಲಿ ಎಲೆಯ ಬುಡದಲ್ಲಿ ಹತ್ತಿಯ ಚೂರಿನಂಥದ್ದು ಕಾಣಿಸಿಕೊಂಡಿತು. ಧೂಳೆಂದು ಒರೆಸಿದೆ, ಮಾರನೆಯ ದಿನ ನಡೆದುಕೊಂಡು ಪಕ್ಕದ ಎಲೆಗೆ ಹೋಗಿತ್ತು. ಹಿಟ್ಟುತಿಗಣೆ.

ಗಿಡದಂಗಡಿಯ ಲಿಯಾವ್‌ನನ್ನು ಕರೆದುಕೊಂಡು ಬಂದೆ. ಅವನು ಒಂದು ಕುಂಡ ಎತ್ತಿ ತೂಕ ನೋಡಿ, "ಕೀಲುಂಗ್‌ನಲ್ಲಿ ಬಾಯಾರಿ ಸತ್ತ ಗಿಡ ನಾನಿನ್ನೂ ನೋಡಿಲ್ಲ ತಂಗೀ, ಕುಡಿದು ಸತ್ತವನ್ನೇ ನೋಡಿರೋದು" ಎಂದ. ಸಾಬೂನಿನ ನೀರು ಸಿಂಪಡಿಸು ಎಂದು ಹೇಳಿ ಹೋದ. ಸಿಂಪಡಿಸಿದ್ದಕ್ಕೆ ಎಲೆಗಳ ಮೇಲೆ ಬೂದಿ ಎರಚಿದ ಹಾಗೆ ಬಿಳಿ ಬೂಷ್ಟು ಕೂತಿತು. ಮತ್ತೆ ಕೇಳಲು ಹೋದರೆ, "ಸಿಂಪಡಿಸಿದ ಮೇಲೆ ಫ್ಯಾನ್ ಹಾಕಲಿಲ್ವಾ? ಅದನ್ನೂ ಹೇಳಿಕೊಡಬೇಕಾ?" ಎಂದು ನನ್ನನ್ನೇ ಬೈದ. ಹೌದು, ಹೇಳಿಕೊಡಬೇಕು. ನೀನೂ ಹೇಳಿಕೊಡಲಿಲ್ಲ. ಕಿಟಕಿ ಮುಚ್ಚು ಎಂದೆ, ಕಿಟಕಿ ಮುಚ್ಚಿದ ಮೇಲೆ ನೀನು ಫ್ಯಾನನ್ನು ಗೋಡೆಯ ಕಡೆ ತಿರುಗಿಸಿ ಇಡುತ್ತಿದ್ದದ್ದನ್ನು ಹೇಳಲಿಲ್ಲ. ನಿನ್ನ ಕೈಗೆ ಗೊತ್ತಿದ್ದದ್ದೆಲ್ಲ ಎಲ್ಲರಿಗೂ ಗೊತ್ತಿರುತ್ತದೆಂದು ನೀನು ಅಂದುಕೊಂಡಿದ್ದೆ. ನನಗೆ ಸಿಟ್ಟಿರುವುದು ಅದಕ್ಕೇ.

ಇಷ್ಟಾದರೂ ಅಮಾಳ ಗಿಡ ಮೊಗ್ಗು ಬಿಟ್ಟಿತು. ಮದುವೆಯಾಗಿ ಬರುವಾಗ ಅವಳು ತವರಿನಿಂದ ಮಡಿಲಲ್ಲಿಟ್ಟುಕೊಂಡು ತಂದದ್ದೆಂದು ನೀನು ಎಷ್ಟು ಸಲ ಹೇಳಿದ್ದೀಯೋ. ಕಡುಗೆಂಪು ಹೂಕಡ್ಡಿ ಮೇಲೆದ್ದಾಗ, ಸುಳ್ಳೇಕೆ ಹೇಳಲಿ, ನನಗೂ ಖುಷಿಯಾಯಿತು. ಪೂಜೆಯ ಮೇಜಿನ ಪಕ್ಕ ಅದರ ಜಾಗದಲ್ಲೇ ಇಟ್ಟಿದ್ದೆ. ಆಮೇಲೆ ಮೊಗ್ಗುಗಳು ಒಂದೊಂದಾಗಿ ಹಳದಿ ತಿರುಗಿದವು. ನೀರು ಕಡಿಮೆ ಮಾಡಿದೆ, ಹುಳ ಹುಡುಕಿದೆ, ಏನೂ ಸಿಗಲಿಲ್ಲ. ವಿಚಿತ್ರವೆಂದರೆ, ಜಾಗವಿಲ್ಲವೆಂದು ಬಚ್ಚಲಮನೆಯಲ್ಲಿ ಹಲ್ಲುಜ್ಜುವ ಬ್ರಷ್ಷಿನ ಪಕ್ಕ ಇಟ್ಟಿದ್ದ ಗಿಡ, ಸಂತೆಯವನು ಬಿಟ್ಟಿ ಕೊಟ್ಟದ್ದೆಂದು ನೀನು ತಿರುಗಿಯೂ ನೋಡದ ಆ ಬಡಪಾಯಿ, ಮೊಗ್ಗು ತುಂಬಿಕೊಂಡು ಗಟ್ಟಿಯಾಗಿ ನಿಂತಿತ್ತು, ಈಗ ಅರಳಿಯೂ ಇದೆ. ಎರಡಕ್ಕೂ ಅದೇ ನೀರು, ಅದೇ ತೇವ. ಬಚ್ಚಲಿನಲ್ಲಿ ಇಲ್ಲದ್ದು ಒಂದೇ, ಊದುಬತ್ತಿಯ ಹೊಗೆ.

ಕೆಳಮನೆಯ ಗೋಪೋ ನಿನ್ನ ಒಬ್ಬಳೇ ತಂಗಿ ಎಂಬ ಕಾರಣಕ್ಕೆ ಕೆಲವು ದಿನ ಬಾಯಿ ಬಿಗಿಹಿಡಿದೆ. ನೀನಿದ್ದಾಗ ನೀನೇ ಬೆಳಿಗ್ಗೆ ಸಂಜೆ ಮೂರು ಊದುಬತ್ತಿ ಹಚ್ಚಿ ಅಡುಗೆಮನೆಯ ಹೊಗೆ ಎಳೆಯುವ ಫ್ಯಾನ್ ಹಾಕುತ್ತಿದ್ದೆ. ನೀನು ಬಿದ್ದ ಮೇಲೆ ಗೋಪೋ ದಿನವೂ ಮೇಲೆ ಹತ್ತಿ ಬಂದು, ಹಗಲಿಡೀ ಉರಿಯುವ ಊದುಬತ್ತಿಯ ಸುರುಳಿಯನ್ನೇ ಹಚ್ಚತೊಡಗಿದಳು, ನಿನ್ನ ಮೂಳೆ ಕೂಡಲಿ ಎಂದು. ಕಿಟಕಿ ಮುಚ್ಚಿದ ಕೋಣೆ. ಹೊಗೆ ಹೋಗುವುದೆಲ್ಲಿಗೆ? ಕೊನೆಗೆ ಹೇಳಿಬಿಟ್ಟೆ. ಅವಳು ಸುರುಳಿ ಹಿಡಿದ ಕೈ ಕೆಳಗಿಳಿಸದೆ, "ದೇವರ ಹೊಗೆಗೆ ಹೂ ಉದುರತ್ತಾ? ಹಾಗಾದ್ರೆ ದೇವಸ್ಥಾನದಲ್ಲಿರೋವೆಲ್ಲಾ ಪ್ಲಾಸ್ಟಿಕ್ ಹೂವಾ?" ಎಂದಳು. ಅಲ್ಲಿ ಬಾಗಿಲು ತೆರೆದಿರುತ್ತದೆ ಎಂದೆ. "ಎಂಟನೇ ಕ್ಲಾಸೂ ಮುಗಿಸದೋಳು ನಂಗೆ ಪೂಜೆ ಕಲಿಸೋಕೆ ಬಂದ್ಲು. ನಿಂಗೆ ಅಣ್ಣನ ಕಾಲು ಮುಖ್ಯಾನೋ ಹೂ ಮುಖ್ಯಾನೋ?" ಎಂದು ಸುರುಳಿ ಅಲ್ಲೇ ಬಿಟ್ಟು ಇಳಿದುಹೋದಳು. ಅಂದಿನಿಂದ ಮೇಲೆ ಬಂದಿಲ್ಲ. ನನಗೆ ಖಚಿತವಾಗಿ ಗೊತ್ತೇ ಎಂದರೆ ಇಲ್ಲ. ಆದರೆ ಸುಮ್ಮನಿರಲು ಆಗಲಿಲ್ಲ, ಹೇಳಿದ ಮೇಲೆ ಸಮಾಧಾನವೂ ಆಗಲಿಲ್ಲ. ಅವಳು ನಿನಗಾಗಿ ಬೇಡಿಕೊಂಡದ್ದೇ ನೀನು ಕಾಯುತ್ತಿದ್ದದ್ದನ್ನು ಸುಟ್ಟಿತೆಂದು ಆ ಮುದುಕಿಯ ಮುಖಕ್ಕೆ ಹೇಳಿದವಳು ನಾನು.

ಎಲ್ಲ ಉದುರಿದವೆಂದು ಅತ್ತೆಗೂ ಆಗಲೇ ಹೇಳಿದ್ದೆ, ಆದರೂ ನಿನಗೆ ಹಾಗೆ ಬರೆದು ತೋರಿಸಿದ್ದಾಳೆ. ಏಕೆಂದು ಹೋದ ವಾರ ಕೇಳಿದೆ. ಅವಳು, "ಬಚ್ಚಲಲ್ಲಿರೋದು ಅರಳಿದೆ ಅಲ್ವಾ, ಅದರ ಫೋಟೊ ಕಳ್ಸು. ಇಲ್ಲಾಂದ್ರೆ ಹೋದ ವರ್ಷದ್ದನ್ನೇ ಕಳ್ಸು. ಅಪ್ಪನ ಕಣ್ಣಿಗೆ ಎಲ್ಲಾ ಒಂದೇ" ಎಂದಳು. ನಿನ್ನ ಕಣ್ಣು ಅವಳಿಗೆ ಗೊತ್ತಿಲ್ಲ. ಆಗುವುದಿಲ್ಲ ಎಂದೆ. "ಹೂವಿಲ್ಲ ಅಂದ್ರೆ ಅವರು ನಡೆಯೋದನ್ನೇ ಬಿಟ್ಬಿಡ್ತಾರೆ ಕಣೇ. ನಿನ್ನ ಸತ್ಯ ತಗೊಂಡು ನಾನೇನ್ ಮಾಡ್ಲಿ?" ಎಂದು ಅತ್ತಳು. ಅವಳು ಹೇಳುವುದರಲ್ಲೂ ಅರ್ಥವಿದೆ. ನೀನು ನಡೆಯುವುದನ್ನು ಬಿಟ್ಟರೆ ಅದಕ್ಕೆ ನಾನೇ ಹೊಣೆ ಎಂದು ತಿಳಿದೇ ಇದನ್ನು ಬರೆಯುತ್ತಿದ್ದೇನೆ. ಆದರೆ ಹೂವಿದೆ ಎಂದು ನಂಬಿ ನೀನು ಕೋಲೂರಿಕೊಂಡು ಮನೆಗೆ ಬಂದು ಆ ಬರಿಯ ಕಡ್ಡಿಯ ಮುಂದೆ ನಿಲ್ಲುವುದನ್ನು ನನ್ನಿಂದ ನೋಡಲಾಗುವುದಿಲ್ಲ.

ಹೊತ್ತಿಗೆ ಸರಿಯಾಗಿ ಮಾತ್ರೆ ತೆಗೆದುಕೋ. ಅತ್ತೆಯ ಮೇಲೆ ರೇಗಬೇಡ, ಅವಳು ಸುಳ್ಳು ಹೇಳಿದ್ದು ಪ್ರೀತಿಗೆ. ಅಮಾ ನಿನ್ನನ್ನು ಕಾಯಲಿ.

ನಿನ್ನ, ಗಿಡದ ಕೈ ಇಲ್ಲದ ಮೊಮ್ಮಗಳು,
ಯುನ್-ಚೀ

ಮರೆತಿದ್ದೆ: ಮಧ್ಯಾಹ್ನ ಅಮಾಳ ಗಿಡವನ್ನು ಕುಂಡದಿಂದ ಬಿಡಿಸಿ ನೋಡಿದೆ. ಹಿಟ್ಟುತಿಗಣೆ ಬೇರಿಗೂ ಇಳಿದಿದೆ, ಅರ್ಧ ಬೇರು ಕೊಳೆತು ಮೆತ್ತಗಾಗಿದೆ. ಎಲ್ಲಿಯವರೆಗೆ ಕತ್ತರಿಸಬೇಕೆಂಬುದು ನಿನ್ನ ಕೈಗೆ ಮಾತ್ರ ಗೊತ್ತು. ಲಿಯಾವ್‌ನ ಕೈಗೆ ಕೊಡಲು ನನಗೆ ಮನಸ್ಸಿಲ್ಲ, ನಾನೇ ಕತ್ತರಿಸಲು ಧೈರ್ಯವಿಲ್ಲ. ಬೇರು ಕತ್ತರಿಸುವಾಗ ನೀನು ಯಾವತ್ತೂ ಕೂತದ್ದಿಲ್ಲ, ಎತ್ತರದ ಮೇಜು ಬೇಕು ಎನ್ನುತ್ತಿದ್ದೆ. ಅತ್ತೆಗೆ ಅಂಥದ್ದೊಂದು ಮೇಜನ್ನು ಅಂಗಳದ ತುದಿಯಲ್ಲಿ ಇಡಿಸಲು ಹೇಳಿದ್ದೇನೆ. ಉಳಿದ ಕುಂಡಗಳನ್ನು ನೋಡಿಕೋ ಎಂದು ಕೇಳಲು ಗೋಪೋ ಮನೆಗೆ ಇಳಿದೆ. "ಸುರುಳಿ ನಮ್ಮನೇಲೇ ಹಚ್ತೀನಿ, ಫ್ಯಾನೂ ಹಾಕ್ತೀನಿ, ನಿನ್ ಜೊತೆ ಮಾತು ಮಾತ್ರ ಆಡಲ್ಲ" ಎಂದು, ದಾರಿಗೆಂದು ಮೀನುಂಡೆಯ ಡಬ್ಬಿ ಕೊಟ್ಟಳು. ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ, ನಾನೇ ನಿನ್ನ ಕೈಗೆ ಕೊಟ್ಟು ಓದಿ ಮುಗಿಸುವವರೆಗೆ ಎದುರಿಗೆ ಕೂರುತ್ತೇನೆ. ಗಿಡವನ್ನು ಒದ್ದೆ ಪಾಚಿಯಲ್ಲಿ ಸುತ್ತಿಟ್ಟಿದ್ದೇನೆ. ನಾಳೆ ಬೆಳಗಿನ ರೈಲಿಗೆ ಹೊರಡುತ್ತಿದ್ದೇನೆ.