ನೆಂಟರಿಂದ ಬಿಸಿಯಾಗುವ ಮನೆ

ಪ್ರೀತಿಯ ಅಕ್ಕ,

ಚರಿತ್ರೆಯಲ್ಲಿ ದಾಖಲಾಗಬೇಕಾದ ಸುದ್ದಿ: ಇಂದು ಬೆಳಿಗ್ಗೆ ಹತ್ತೂವರೆಗೆ ನನ್ನ ಮಾವನವರ ನಡುಮನೆ ಹದಿನೇಳು ಡಿಗ್ರಿ ಮುಟ್ಟಿತು! ಮನೆಯ ಹೀಟರಿನ ಶಾಖ ನಿಯಂತ್ರಿಸುವ ಥರ್ಮೋಸ್ಟಾಟನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಅದು ಹದಿನೈದರಲ್ಲೇ ಇದೆ. ಸುಮ್ಮನೆ ಕೂತ ಒಬ್ಬ ಮನುಷ್ಯ ನೂರು ವ್ಯಾಟ್ ಶಾಖ ಕೊಡುತ್ತಾನೆಂದು ಮಾವ ವೀಬ್ರೆನ್ ಎಲ್ಲೋ ಓದಿದ್ದಾರಂತೆ. ಅಂದಿನಿಂದ ಈ ಚಳಿಯಲ್ಲಿ ಹೀಟರಿಗೆ ಗ್ಯಾಸ್ ಉರಿಸುವ ಬದಲು ಅರ್ಧ ಹಳ್ಳಿಯನ್ನೇ ಕಾಫಿಗೆ ಕರೆಯುತ್ತಾರೆ. ಗುಂಡಗೆ ಹನ್ನೊಂದು ಕುರ್ಚಿ, ತಲೆಗೊಂದು ಬಿಸ್ಕತ್ತು; ಮರುಕ್ಷಣವೇ ಡಬ್ಬಿಯ ಮುಚ್ಚಳ ಮುಚ್ಚಿಬಿಡುತ್ತಾರೆ.

ಇಂದು ಬೇಕರಿಯ ದಢೂತಿ ಗೆರ್ಲೋಫ್ ಮನೆಗೆ ಹೋಗಲು ಎದ್ದ. ಮಾವ ಹೌಹಾರಿದರು.

"ಕೂತ್ಕೊಳ್ಳೋ ಮಾರಾಯ! ನೀನು ಹೋದ್ರೆ ಒಂದು ಡಿಗ್ರಿ ಇಳಿದುಬಿಡುತ್ತೆ."

"ಹಾಗಾದ್ರೆ ಇನ್ನೊಂದು ಬಿಸ್ಕತ್ತು ಕೊಡಯ್ಯ, ಜಿಪುಣ."

ಮಾವನಿಗೆ ಧರ್ಮಸಂಕಟ. ಡಬ್ಬಿ ನೋಡಿದರು, ಥರ್ಮೋಸ್ಟಾಟ್ ನೋಡಿದರು, ಕೊನೆಗೆ ನನ್ನನ್ನು ನೋಡಿದರು.

"ಅಳಿಯಂದ್ರೇ, ನಿಮ್ಮದು ಅವನಿಗೆ ಕೊಟ್ಬಿಡಿ. ನೀವು ಬಡಕಲು. ನಿಮ್ಮಿಂದ ನಲವತ್ತು ವ್ಯಾಟೂ ಹುಟ್ಟಲ್ಲ."

ಕೊಟ್ಟೆ. ಈ ಚಳಿಗೆ ಹಿಡಿದ ನೆಗಡಿ ಈಗ ಕಿವಿಗೂ ಹಬ್ಬಿದೆ, ಟೋಪಿ ಹಾಕಿಕೊಂಡೇ ಊಟ ಮಾಡುತ್ತೇನೆ. ನಾಳೆ ಗೆರ್ಲೋಫ್ ತನ್ನ ಮಗಳ ಊರಿಗೆ ಹೊರಟರೆ ನನ್ನ ಗತಿ ಹದಿನಾರೇ ಡಿಗ್ರಿ.

ಈ ಅಂಚೆ ಕಾರ್ಡಿನಲ್ಲಿ ಜಾಗ ಮುಗಿಯಿತು. ಒಂದು ಉಪಕಾರ ಮಾಡು: ಶನಿವಾರದ ರೈಲಿಗೆ ಭಾವನವರನ್ನು ಹತ್ತಿಸಿ ಇಲ್ಲಿಗೆ ಕಳಿಸು. ಅವರು ನೂರಿಪ್ಪತ್ತು ಕಿಲೋ ತೂಗುತ್ತಾರೆಂದು ಮಾವನಿಗೆ ಮಾತು ಕೊಟ್ಟಿದ್ದೇನೆ. ಅಲ್ಲಿಯವರೆಗೆ ದಯವಿಟ್ಟು ಅವರಿಗೆ ಪಥ್ಯ ಮಾಡಿಸಬೇಡ.

ನಿನ್ನ ತಮ್ಮ,
ಶೆಂಗ್