ಹಸಿರು ಬಣ್ಣದ ಹಲಗೆಗಳು

೧೩ ಆಗಸ್ಟ್ ೨೦೦೪, ಶುಕ್ರವಾರ

ಫಲಿತಾಂಶ ಬಂತು. ಅಜ್ಜಿಯ ಮೀನುಗುಡಿಸಲಿನಿಂದ ನಾನು ಕೆರೆದು ಪರೀಕ್ಷೆಗೆ ಕಳಿಸಿದ್ದ ಹಸಿರು ಬಣ್ಣದಲ್ಲಿ ವಿಷ ಇದೆ. ಗುಡ್ಡದ ಹಳೇ ರಾಡಾರ್ ಠಾಣೆಯ ವಿಷದ ಕಸ ತೆಗೆಯುವ ಕೆಲಸಕ್ಕೆ ಸೇರಿ ಎರಡು ತಿಂಗಳಿಂದ ನಾವು ಕೈಗವಸು ಹಾಕಿಕೊಂಡು ಕೀಳುತ್ತಿರುವುದೂ ಅದೇ ಬಣ್ಣದ ಹಲಗೆಗಳನ್ನು. ಸೈನ್ಯದವರು ಠಾಣೆ ಬಿಟ್ಟುಹೋದಾಗ ತಾತ ಅಲ್ಲಿನ ಹಲಗೆಗಳನ್ನೇ ಹಿಮದ ಮೇಲೆ ನಾಯಿಗಾಡಿಯಲ್ಲಿ ಹೇರಿಕೊಂಡು ಬಂದು ಗುಡಿಸಲು ಕಟ್ಟಿದ್ದ. ಅಜ್ಜಿ ಮೀನು ಒಣಗಿಸುವುದು ಅವುಗಳ ಮೇಲೇ.

ಮೇಸ್ತ್ರಿ ಜೂವಾನಾಸಿ ಕೈ ಕೊಡವಿಬಿಟ್ಟ. "ಗುಡಿಸಲು ನಮ್ಮ ಪಟ್ಟೀಲಿಲ್ಲ ಕಣೋ. ಸೋಮವಾರ ಈ ಕಸ ಒಯ್ಯೋ ಹಡಗು ಹೊರಟ್ರೆ ಮತ್ತೆ ಬರೋದು ಮುಂದಿನ ಬೇಸಿಗೇನೇ. ಮುದುಕಿ ಹತ್ರ ಬೈಸ್ಕೊಳ್ಳೋ ಆಸೆ ಇದ್ರೆ ನೀನೇ ಕಿತ್ತು ತಾ, ಹಾಕ್ಕೊಳ್ತೀನಿ."

ಹೋದೆ. ನಮ್ಮ ಈ ಉತ್ತರದ ಹಿಮನಾಡಿನಲ್ಲಿ ಸತ್ತವರ ಹೆಸರು ಮಗುವಿಗಿಟ್ಟರೆ ಅವರೇ ಮರಳಿ ಬಂದಂತೆ. ತಾತನ ಹೆಸರೇ ನನಗಿಟ್ಟಿರುವುದರಿಂದ ಅಜ್ಜಿಗೆ ನಾನು ಮೊಮ್ಮಗನಲ್ಲ, ಗಂಡ. ಹುಟ್ಟಿದಾಗಿನಿಂದ ನನ್ನನ್ನು "ರೀ" ಅಂತಲೇ ಕರೆಯುತ್ತಾಳೆ. ಎಲ್ಲ ಹೇಳಿದೆ. ಅವಳು ಗುಡಿಸಲಿನ ಗೋಡೆ ಸವರಿದಳು.

"ಆವತ್ತೇ ಬಡ್ಕೊಂಡೆ ಕಣ್ರೀ, ಅವರು ಬಿಸಾಕಿದ್ದು ನಮಗ್ಯಾಕೆ ಅಂತ. ಕೇಳಿದ್ರಾ? ತಂದೋರು ನೀವೇ, ನೀವೇ ತಗೊಂಡ್ಹೋಗಿ."

"ತಪ್ಪಾಯ್ತು ಕಣೇ," ಅಂದೆ.

"ಅಬ್ಬಾ! ನಲವತ್ತು ವರ್ಷಕ್ಕೆ ಒಪ್ಕೊಂಡ್ರಲ್ಲ!" ಅಂತ ನಕ್ಕಳು. ಕಣ್ಣು ಮಾತ್ರ ಒದ್ದೆ.

ಇರುವುದು ಎರಡೇ ದಿನ. ಒಬ್ಬನೇ ಆದರೂ ಸರಿ, ಒಂದು ಹಲಗೆಯನ್ನೂ ಬಿಡುವುದಿಲ್ಲ. ಈ ಬೇಸಿಗೆಯೆಲ್ಲ ಅವಳು ಒಣಗಿಸಿಟ್ಟ ಮೀನನ್ನೂ ಹಡಗಿಗೇ ಹಾಕಬೇಕು ಅಂತ ಮಾತ್ರ ಹೇಳಲು ಬಾಯಿ ಬರಲಿಲ್ಲ. ಬೆಳಿಗ್ಗೆ ಸುತ್ತಿಗೆ ಎತ್ತುವ ಮೊದಲೇ ಹೇಳಿಬಿಡುತ್ತೇನೆ. ಅಳಲಿ, ಬೈಯಲಿ, ತಿನ್ನಲಂತೂ ಬಿಡುವುದಿಲ್ಲ.