ಎರಡನೆಯದು ಯಾರದು?

ಸ್ಫಾಕ್ಸ್, ಮೇ ೧೪, ಶನಿವಾರ

ವಾರದಿಂದ ಕೊರೆಯುತ್ತಿದ್ದ ಚಿಂತೆ ಇವತ್ತು ಇಳಿಯಿತು. ಮೂವತ್ತೊಂದು ವರ್ಷದ ಹಿಂದೆ ಒಂದೇ ಮಧ್ಯಾಹ್ನದಲ್ಲಿ ನಮ್ಮೂರ ಫುಟ್‌ಬಾಲ್ ತಂಡಕ್ಕೆ ಕಟ್ಟಿದ ಹಾಡಿನಿಂದಲೇ ಊರು ನನ್ನನ್ನು ಗುರುತಿಸುತ್ತದೆ. ಅಮ್ಮನ ನೆನಪಿಗೆ ಒಂಬತ್ತು ವರ್ಷ ಕೂತು ಬರೆದ ಕೃತಿಯನ್ನು ಯಾರೂ ಕೇಳಿರಲಿಲ್ಲ. ಅದನ್ನು ಇವತ್ತು ಸಂಜೆಯ ಕಾರ್ಯಕ್ರಮದಲ್ಲಿ ಮೊದಲ ಸಲ ನುಡಿಸುವುದಿತ್ತು. ಆದರೆ ರಂಗಮಂದಿರದ ನಿರ್ದೇಶಕ ಲಮೀನ್, "ಕೊನೆಗೆ ಆ ಹಾಡು ಇರ್ಲೇಬೇಕು. ಇಲ್ಲಾಂದ್ರೆ ಖಾಲಿ ಕುರ್ಚಿಗಳಿಗೆ ನುಡಿಸ್ಬೇಕಾಗುತ್ತೆ" ಎಂದಿದ್ದ. ಹಾಗಾದರೆ ಕಾರ್ಯಕ್ರಮವೇ ಬೇಡ ಎಂದು ಹೇಳಿಬಿಡಲು ಬೆಳಿಗ್ಗೆ ಹೊರಟಿದ್ದೆ.

ನಮ್ಮ ವಾದ್ಯತಂಡದಲ್ಲಿ ಊದ್ ಎಂಬ ತಂತಿವಾದ್ಯ ನುಡಿಸುವ ಸಬೀಹಾ ತಡೆದಳು. "ಉಸ್ತಾದ್, ಏಳು ವರ್ಷದವಳಿದ್ದಾಗ ಸ್ಟೇಡಿಯಮ್ಮಲ್ಲಿ ಅಪ್ಪನ ಹೆಗಲ ಮೇಲೆ ಕೂತು ಆ ಹಾಡು ಕೇಳ್ದೆ. ಮನೆಗೆ ಬಂದು ಊದ್ ಬೇಕು ಅಂತ ರಂಪ ಮಾಡ್ದೆ. ಅದನ್ನ ಬೈದ್ರೆ ನನ್ನನ್ನೇ ಬೈದ ಹಾಗೆ. ಮೊದ್ಲೇ ನುಡಿಸಿಬಿಡೋಣ. ಕೂಗಿ ಗಂಟಲು ಒಣಗಿದ್ಮೇಲೆ ಸುಮ್ನೆ ಕೂತು ಕೇಳ್ತಾರೆ."

ಹಾಗೇ ಆಯಿತು. ಮೊದಲ ಸಾಲಿಗೇ ಸಭೆಯೆಲ್ಲ ಎದ್ದು ನಿಂತು ಹಾಡಿತು. ನಾನೂ ದನಿ ಸೇರಿಸಿದೆ. ಇಷ್ಟು ವರ್ಷ ಆ ಹಾಡನ್ನು ಮಲಮಗನ ಹಾಗೆ ಕಂಡೆನಲ್ಲ! ಅಮ್ಮನ ಕೃತಿ ಶುರುವಾದಾಗ ಬಾಗಿಲನ್ನೇ ನೋಡುತ್ತಿದ್ದೆ. ನಲವತ್ತು ನಿಮಿಷ ಒಬ್ಬರೂ ಏಳಲಿಲ್ಲ.

ಆಮೇಲೆ, ಕೊರಳಿಗೆ ತಂಡದ ಶಾಲು ಸುತ್ತಿಕೊಂಡ ಮೀನುಗಾರನೊಬ್ಬ ಬಂದು ಕೈ ಹಿಡಿದ.

"ಹಾಜಿ, ಎರಡನೇದು ಯಾರ್ದು?"

"ಅದೂ ನಂದೇ."

"ಮತ್ತೆ ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ? ನನ್ನ ಹೆಂಡ್ತಿ ಕೇಳ್ಬೇಕು. ಇನ್ನೊಂದ್ಸಲ ಯಾವಾಗ?"

ಅರವತ್ತೆಂಟು ವರ್ಷಕ್ಕೆ ಮೊದಲ ಸಲ ಒಬ್ಬರು ನನ್ನನ್ನು ಹೀಗೆ ಕೇಳಿದರು. ಅವನ ಕೈ ಕುಲುಕುತ್ತಲೇ ನಿಂತೆ. ನಾಳೆ ಲಮೀನನ ಹತ್ತಿರ ಇನ್ನೊಂದು ದಿನ ಕೇಳಬೇಕು. ಕಣ್ಣು ಎಳೆಯುತ್ತಿದೆ, ಆದರೂ ಮಲಗಲು ಮನಸ್ಸೇ...